ಟಿವಿಯಲ್ಲಿ ಎಚ್‌ಡಿಎಂಐ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹಂತ ಹಂತವಾಗಿ ಪತ್ತೆ ಮಾಡುವ ಬಗೆ

ಪರದೆಯ ಮೇಲೆ ‘ನೋ ಸಿಗ್ನಲ್’ ಎಂದು ಕಂಡ ಕೂಡಲೇ ಹೆಚ್ಚಿನವರು ಹೊಸ ಕೇಬಲ್ ತರಲು ಹೊರಡುತ್ತಾರೆ. ಕೆಲವು ಸಲ ಅದರಿಂದಲೇ ಸರಿಹೋಗುವುದೂ ಉಂಟು. ಆದರೆ ಕೇಬಲ್ ಬದಲಿಸುವ ಮೊದಲು ಟಿವಿ ಏನು ತೋರಿಸುತ್ತಿದೆ ಎಂಬುದನ್ನು ಎರಡು ನಿಮಿಷ ಗಮನವಿಟ್ಟು ನೋಡಿ. ದೋಷ ಯಾವ ಕಡೆ ಇದೆ ಎಂಬ ಸುಳಿವು ಬಹುಪಾಲು ಅಲ್ಲೇ ಸಿಗುತ್ತದೆ.

ಕಾರಣ ಇಷ್ಟೇ. ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲಿನಲ್ಲಿ ಟಿವಿಗೆ ತರುವ ಎಚ್‌ಡಿಎಂಐ ಹಳೆಯ ಮೂರು ಬಣ್ಣದ ಆಡಿಯೊ–ವಿಡಿಯೊ ತಂತಿಯಂತೆ ಚಿತ್ರವನ್ನು ಸುಮ್ಮನೆ ಸಾಗಿಸುವುದಿಲ್ಲ. ಚಿತ್ರ ಮೂಡುವ ಮೊದಲು ಎರಡೂ ಸಾಧನಗಳ ನಡುವೆ ಮಾತುಕತೆ ನಡೆಯುತ್ತದೆ, ಆ ಮಾತುಕತೆಗೆ ಒಂದು ಕ್ರಮ ಇದೆ. ಪ್ಲಗ್ಗಿನಲ್ಲಿರುವುದು 19 ಪಿನ್ನುಗಳು. ಸೆಟ್ ಟಾಪ್ ಬಾಕ್ಸ್ ಅಥವಾ ಲ್ಯಾಪ್‌ಟಾಪ್ (ಚಿತ್ರ ಕಳುಹಿಸುವ ಇಂಥ ಸಾಧನವನ್ನು ಮುಂದೆ ‘ಬಾಕ್ಸ್’ ಎನ್ನೋಣ) ಮೊದಲು 18ನೇ ಪಿನ್ನಿನ ಮೂಲಕ 5 ವೋಲ್ಟ್ ಕೊಡುತ್ತದೆ. ಅದು ತಲುಪಿದ ಮೇಲೆ ಟಿವಿ 19ನೇ ಪಿನ್ನಿನಲ್ಲಿ ‘ನಾನಿದ್ದೇನೆ’ ಎಂದು ಉತ್ತರಿಸುತ್ತದೆ. ಬಳಿಕ 15 ಮತ್ತು 16ನೇ ಪಿನ್ನುಗಳ ಮೂಲಕ ಬಾಕ್ಸ್ ಟಿವಿಯಿಂದ ಒಂದು ಪಟ್ಟಿಯನ್ನು ಓದಿಕೊಳ್ಳುತ್ತದೆ. ಟಿವಿ ಯಾವ ರೆಸಲ್ಯೂಷನ್, ಯಾವ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ, ಇದರ ಅಳತೆ ಹರ್ಟ್ಸ್), ಯಾವ ಬಗೆಯ ಧ್ವನಿಯನ್ನು ತೆಗೆದುಕೊಳ್ಳಬಲ್ಲದು ಎಂಬ ವಿವರವೆಲ್ಲ ಅದರಲ್ಲಿರುತ್ತದೆ. ಇದರ ಹೆಸರು ಇಡಿಐಡಿ. ಆ ಪಟ್ಟಿಗೆ ತಕ್ಕಂತೆ ಮೊದಲ 12 ಪಿನ್ನುಗಳಲ್ಲಿ ಚಿತ್ರ, ಧ್ವನಿ ಹರಿಯಲು ತೊಡಗುತ್ತವೆ. ಬರುತ್ತಿರುವುದು ನಕಲು ರಕ್ಷಣೆ ಇರುವ ಸಿನಿಮಾ ಆಗಿದ್ದರೆ ಎರಡೂ ಕಡೆಯ ಕೀಲಿಗಳ ತಪಾಸಣೆಯೂ ನಡೆಯುತ್ತದೆ. ಅದು ಎಚ್‌ಡಿಸಿಪಿ.

ಈಗ ಪರದೆಯನ್ನು ನೋಡಿ. ಏನು ಮಾಡಿದರೂ ‘ನೋ ಸಿಗ್ನಲ್’ ಹೋಗುತ್ತಿಲ್ಲವೇ? ಮಾತುಕತೆ ಶುರುವೇ ಆಗಿಲ್ಲ. ಇನ್‌ಪುಟ್ ತಪ್ಪಿರಬೇಕು, ಪ್ಲಗ್ ಸಡಿಲವಿರಬೇಕು, ಇಲ್ಲವೇ ಕೇಬಲ್ ಅಥವಾ ಪೋರ್ಟ್ ಸತ್ತಿರಬೇಕು. ‘ಈ ಫಾರ್ಮ್ಯಾಟ್ ಬೆಂಬಲಿತವಲ್ಲ’ ಎನ್ನುತ್ತಿದೆಯೇ? ಬಾಕ್ಸ್ ಟಿವಿಯ ಅಳವಿಗೆ ಮೀರಿದ್ದನ್ನು ಕಳುಹಿಸುತ್ತಿದೆ. ಚಿತ್ರದ ಮೇಲೆ ಬಿಳಿ ಚುಕ್ಕಿಗಳು ಮಿನುಗುತ್ತಿದ್ದರೆ, ಆಗಾಗ ಒಂದೆರಡು ಸೆಕೆಂಡು ಪರದೆ ಕಪ್ಪಾಗಿ ಮರಳುತ್ತಿದ್ದರೆ ಕೇಬಲ್ ಆ ವೇಗವನ್ನು ತಾಳುತ್ತಿಲ್ಲ. ಮೆನು ಚೆನ್ನಾಗಿ ಕಂಡು, ಸಿನಿಮಾ ಹಾಕಿದಾಗ ಮಾತ್ರ ಕಪ್ಪಾದರೆ ಎಚ್‌ಡಿಸಿಪಿಯ ಮೇಲೆ ಅನುಮಾನ ಪಡಿ.

ಎಲ್ಲಕ್ಕಿಂತ ಮೊದಲು ಇಷ್ಟು ಮಾಡಿ

1. ಟಿವಿಯ ಹಿಂದೆ ಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಓದಿ. ರಿಮೋಟಿನ ‘ಇನ್‌ಪುಟ್’ ಅಥವಾ ‘ಸೋರ್ಸ್’ ಗುಂಡಿ ಒತ್ತಿ ಅದೇ ಸಂಖ್ಯೆಯನ್ನು ಆರಿಸಿ. ಪಟ್ಟಿಯಲ್ಲಿ ಪೋರ್ಟಿನ ಬದಲು ಹಳೆಯ ಸಾಧನದ ಹೆಸರೇ ಉಳಿದುಕೊಂಡಿರಬಹುದು. ಹೆಸರು ನಂಬಬೇಡಿ, ಸಂಖ್ಯೆ ನೋಡಿ.

2. ಬಾಕ್ಸ್ ನಿಜವಾಗಿಯೂ ಚಾಲೂ ಆಗಿದೆಯೇ ಎಂದು ನೋಡಿ. ಕೆಂಪು ದೀಪ ಉರಿಯುತ್ತಿದ್ದರೆ ಅದು ಸ್ಟ್ಯಾಂಡ್‌ಬೈನಲ್ಲಿರಬಹುದು.

3. ಕೇಬಲನ್ನು ಎರಡೂ ತುದಿಯಲ್ಲಿ ಕಿತ್ತು, ನೇರವಾಗಿ ಹಿಡಿದು ಗಟ್ಟಿಯಾಗಿ ಮತ್ತೆ ಸೇರಿಸಿ. ಗೋಡೆಗೆ ಹತ್ತಿಸಿದ ಟಿವಿಯಲ್ಲಿ ದಪ್ಪ ಕೇಬಲಿನ ಭಾರಕ್ಕೆ ಪ್ಲಗ್ ಕೆಳಕ್ಕೆ ಜಗ್ಗಿ ಅರ್ಧ ಮಿಲಿಮೀಟರ್ ಜಾರಿದರೂ ಸಂಪರ್ಕ ತಪ್ಪುತ್ತದೆ. ಎಚ್‌ಡಿಎಂಐ ಪ್ಲಗ್ಗಿಗೆ ಸಾಮಾನ್ಯವಾಗಿ ಲಾಕ್ ಇರುವುದಿಲ್ಲ, ಬರೀ ಬಿಗಿತದ ಮೇಲೆ ನಿಂತಿರುತ್ತದೆ.

4. ಇಷ್ಟಕ್ಕೂ ಬಗ್ಗದಿದ್ದರೆ ಟಿವಿ ಮತ್ತು ಬಾಕ್ಸ್ ಎರಡನ್ನೂ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ ಪ್ಲಗ್ ಕೀಳಿ. ಎಚ್‌ಡಿಎಂಐ ಕೇಬಲನ್ನೂ ಕಿತ್ತಿಡಿ. ಪೂರ್ತಿ 60 ಸೆಕೆಂಡು ಕಾಯಿರಿ. ಆಮೇಲೆ ಮೊದಲು ಎಚ್‌ಡಿಎಂಐ ಸೇರಿಸಿ, ಟಿವಿ ಹಾಕಿ, ಇನ್‌ಪುಟ್ ಆರಿಸಿ, ಕೊನೆಗೆ ಬಾಕ್ಸ್ ಹಾಕಿ.

ಈ ನಾಲ್ಕನೆಯದನ್ನು ರಿಮೋಟಿನಲ್ಲಿ ಆಫ್–ಆನ್ ಮಾಡಿ ಮುಗಿಸಿಬಿಡುವವರೇ ಹೆಚ್ಚು. ಅದರಿಂದ ಪ್ರಯೋಜನ ಇಲ್ಲ. ರಿಮೋಟಿನಿಂದ ಆರಿಸಿದ ಟಿವಿ ನಿದ್ದೆ ಮಾಡುತ್ತಿರುತ್ತದೆಯೇ ಹೊರತು ಪೂರ್ತಿ ಆರಿರುವುದಿಲ್ಲ. ಎಚ್‌ಡಿಎಂಐ ಚಿಪ್ಪಿನಲ್ಲಿ ಹಿಂದಿನ ಕೆಟ್ಟ ಮಾತುಕತೆಯ ಸ್ಥಿತಿ ಹಾಗೆಯೇ ಉಳಿದಿರುತ್ತದೆ. ಕೆಪಾಸಿಟರುಗಳಲ್ಲಿ ನಿಂತ ಕರೆಂಟ್ ಇಳಿಯಲಿಕ್ಕಾಗಿಯೇ ಆ 60 ಸೆಕೆಂಡು. ಕೊನೆಗೆ ಬಾಕ್ಸ್ ಹಾಕುವುದಕ್ಕೂ ಅರ್ಥವಿದೆ: ಅದು ಏಳುವ ಹೊತ್ತಿಗೆ ಟಿವಿ ಉತ್ತರ ಕೊಡಲು ಸಿದ್ಧವಾಗಿರಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ

ಕೇಬಲ್, ಪೋರ್ಟ್, ಬಾಕ್ಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಚಿತ್ರ ಬಂದರೂ ದೋಷ ಯಾವುದರದ್ದೆಂದು ತಿಳಿಯುವುದಿಲ್ಲ. ಮೊದಲು ಅದೇ ಕೇಬಲ್, ಅದೇ ಬಾಕ್ಸ್ ಇಟ್ಟುಕೊಂಡು ಟಿವಿಯ ಬೇರೆ ಪೋರ್ಟಿಗೆ ಹಾಕಿ. ಚಿತ್ರ ಬಂದರೆ ಹಳೆಯ ಪೋರ್ಟಿನದೇ ತೊಂದರೆ, ಅಥವಾ ಆ ಪೋರ್ಟಿನ ಸೆಟ್ಟಿಂಗಿನದು. ಬರದಿದ್ದರೆ ಕೇಬಲ್ ಮಾತ್ರ ಬದಲಿಸಿ. ಚೆನ್ನಾಗಿ ಕೆಲಸ ಮಾಡುತ್ತಿರುವ ಬೇರೊಂದು ಸಾಧನದಿಂದ ತೆಗೆದ ಕೇಬಲ್ ಆದರೆ ಒಳ್ಳೆಯದು, ಹೊಸದೆಂಬ ಕಾರಣಕ್ಕೆ ಅದು ಸರಿಯಿದೆ ಎನ್ನುವಂತಿಲ್ಲ. ಆಗಲೂ ಬರದಿದ್ದರೆ ಬೇರೆ ಬಾಕ್ಸನ್ನು ಇದೇ ಟಿವಿಗೆ, ಈ ಬಾಕ್ಸನ್ನು ಬೇರೆ ಟಿವಿಗೆ ಹಾಕಿ ನೋಡಿ. ನಡುವೆ ಸೌಂಡ್‌ಬಾರ್, ಸ್ಪ್ಲಿಟರ್, ಸ್ವಿಚ್, ಎಕ್ಸ್‌ಟೆನ್ಷನ್ ಏನೇ ಇದ್ದರೂ ಎಲ್ಲವನ್ನೂ ಪಕ್ಕಕ್ಕಿಟ್ಟು ಬಾಕ್ಸಿನಿಂದ ಟಿವಿಗೆ ನೇರ ಸಂಪರ್ಕ ಕೊಟ್ಟೇ ಈ ಪರೀಕ್ಷೆ ಮಾಡಬೇಕು.

ಪೋರ್ಟಿನ ಒಳಗೆ ಇಣುಕುವಾಗ

ಕರೆಂಟ್ ಕಿತ್ತ ಮೇಲೆ ಟಾರ್ಚ್ ಹಿಡಿದು ಪೋರ್ಟಿನ ಒಳಗೆ ನೋಡಿ. ನಡುವಿನ ಪ್ಲಾಸ್ಟಿಕ್ ನಾಲಿಗೆ ನೇರವಾಗಿರಬೇಕು, ಅದರ ಮೇಲೂ ಕೆಳಗೂ ಇರುವ ಸಂಪರ್ಕ ಪಟ್ಟಿಗಳು ಒಂದೇ ಸಾಲಿನಲ್ಲಿರಬೇಕು. ಒಂದು ಪಟ್ಟಿ ಮೇಲೆದ್ದಿದ್ದರೆ ಅಥವಾ ಪಕ್ಕದ್ದಕ್ಕೆ ತಾಗಿದ್ದರೆ ಆ ಪೋರ್ಟಿಗೆ ಇನ್ನು ಕೇಬಲ್ ಹಾಕಬೇಡಿ. 5 ವೋಲ್ಟ್ ಪಕ್ಕದ ಪಿನ್ನಿಗೆ ಹರಿದರೆ ಒಳಗಿನ ಚಿಪ್ಪೇ ಹೋಗುತ್ತದೆ. ಧೂಳಿದ್ದರೆ ಗಾಳಿಯ ಡಬ್ಬಿಯಿಂದ ಒಂದೆರಡು ಸಲ ಊದಿ. ಬಾಯಿಂದ ಊದಬಾರದು, ಎಂಜಲಿನ ತೇವ ಒಳಗೆ ಸೇರುತ್ತದೆ. ಕೇಬಲಿನ ಪ್ಲಗ್ಗನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಬಹುದು. ಸೂಜಿ, ಪಿನ್ನು, ಸ್ಕ್ರೂಡ್ರೈವರ್ ಒಳಗೆ ಹಾಕಲೇಬೇಡಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಬಹಳ ಪೋರ್ಟುಗಳು ಸಾಯುವುದು ಇದರಿಂದಲೇ. ಎರಡು ಪಿನ್ನಿನ ಪ್ಲಗ್ ಇರುವ ಸಾಧನಗಳಿಗೆ ಅರ್ತ್ ಸಂಪರ್ಕ ಇರುವುದಿಲ್ಲ. ಅವುಗಳ ಲೋಹದ ಮೈಯಲ್ಲಿ ಸಣ್ಣ ಸೋರಿಕೆ ವೋಲ್ಟೇಜ್ ನಿಂತಿರುತ್ತದೆ. ಮುಟ್ಟಿದಾಗ ಬೆರಳು ಸಣ್ಣಗೆ ಜುಮ್ಮೆನ್ನುವುದು ಅದರಿಂದಲೇ. ಮನುಷ್ಯರಿಗೆ ಅದು ಅಷ್ಟೇನೂ ಅಪಾಯವಲ್ಲ. ಆದರೆ ಚಾಲೂ ಇರುವಾಗಲೇ ಎಚ್‌ಡಿಎಂಐ ಪ್ಲಗ್ ತುರುಕಿದರೆ, ಪ್ಲಗ್ಗಿನ ಲೋಹದ ಅಂಚಿಗಿಂತ ಮೊದಲು ಸಿಗ್ನಲ್ ಪಿನ್ ತಾಗಿದ ಪಕ್ಷದಲ್ಲಿ ಆ ಸೋರಿಕೆ ಚಿಪ್ಪಿನ ಮೂಲಕವೇ ಹರಿಯುತ್ತದೆ. ಡಿಷ್ ಅಥವಾ ಆ್ಯಂಟೆನಾ ತಂತಿ ಹತ್ತಿದ ಬಾಕ್ಸುಗಳಲ್ಲಿ ಇದು ಇನ್ನೂ ಹೆಚ್ಚು, ಆ ತಂತಿ ಹೊರಗೆಲ್ಲೋ ಭೂಮಿಗೆ ಸೇರಿರುತ್ತದೆ. ಎಚ್‌ಡಿಎಂಐಯನ್ನು ಚಾಲೂ ಇರುವಾಗಲೂ ಹಾಕಿ ತೆಗೆಯಬಹುದು ಎಂದೇ ರೂಪಿಸಲಾಗಿದೆ, ನಿಜ. ಆದರೂ ಎರಡನ್ನೂ ಆರಿಸಿ ಹಾಕುವ ಅಭ್ಯಾಸ ಇಟ್ಟುಕೊಳ್ಳಿ. ಗುಡುಗು ಸಿಡಿಲು ಶುರುವಾಗುವ ಮೊದಲೇ ಡಿಷ್ ತಂತಿಯನ್ನೂ ಕೀಳಿ. ಕರೆಂಟ್ ಪ್ಲಗ್ ಮಾತ್ರ ಕಿತ್ತರೆ ಸಾಲದು.

ಕೇಬಲ್: ವೇಗ, ಉದ್ದ, ದಿಕ್ಕು

ಡಿಜಿಟಲ್ ಕೇಬಲ್ ನಡೆದರೆ ಪೂರ್ತಿ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲವೇ ಇಲ್ಲ ಎಂಬ ಮಾತು ಅರ್ಧ ಸತ್ಯ. ನಡುವೆ ಒಂದು ಅಂಚು ಇದೆ. ಅಲ್ಲಿ ಕೆಲವು ಬಿಟ್‌ಗಳು ತಪ್ಪಿ ಚಿತ್ರದಲ್ಲಿ ಚುಕ್ಕಿಗಳಾಗಿ ಕಾಣುತ್ತವೆ, ಗೆರೆಗಳಾಗುತ್ತವೆ, ಒಮ್ಮೊಮ್ಮೆ ಪರದೆ ಕಪ್ಪಾಗುತ್ತದೆ. ಚಿತ್ರ ಮಸುಕಾಗುವುದು, ಬಣ್ಣ ಸಪ್ಪೆಯಾಗುವುದು ಕೇಬಲಿನ ಲಕ್ಷಣವಲ್ಲ. ಅದಕ್ಕಾಗಿ ಚಿನ್ನದ ಲೇಪದ ದುಬಾರಿ ಕೇಬಲ್ ಕೊಳ್ಳಬೇಡಿ. ಚಿನ್ನ ತುಕ್ಕು ತಡೆಯುತ್ತದೆ, ಚಿತ್ರವನ್ನು ಅಂದಗೊಳಿಸುವುದಿಲ್ಲ.

1080ಪಿ, 60 ಹರ್ಟ್ಸ್ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಸಾಕು. ಅದೇ 4ಕೆ, 60 ಹರ್ಟ್ಸ್ ಆದರೆ ಸುಮಾರು 17.8 ಗಿಗಾಬಿಟ್ ಬೇಕು, ಹೆಚ್ಚುಕಡಿಮೆ ನಾಲ್ಕು ಪಟ್ಟು. ಹತ್ತು ವರ್ಷ ನೆಮ್ಮದಿಯಾಗಿ ದುಡಿದ ಕೇಬಲ್ ಹೊಸ 4ಕೆ ಬಾಕ್ಸ್ ಬಂದ ದಿನ ಕೈಕೊಡುವುದು ಇದಕ್ಕೇ. ಕೇಬಲ್ ಕೆಟ್ಟಿಲ್ಲ, ಕೆಲಸ ಹೆಚ್ಚಾಗಿದೆ.

ಕೊಳ್ಳುವಾಗ ‘2.0 ಕೇಬಲ್’, ‘2.1 ಕೇಬಲ್’ ಎಂಬ ಸಂಖ್ಯೆಯನ್ನು ನಂಬಬೇಡಿ. ಆ ಸಂಖ್ಯೆಗಳು ಪೋರ್ಟಿನ ಗುಣಗಳಿಗೆ ಸಂಬಂಧಿಸಿದವು. ಕೇಬಲಿಗೆ ಅಧಿಕೃತವಾಗಿರುವುದು ವೇಗದ ಹೆಸರು: ‘ಹೈ ಸ್ಪೀಡ್’ 10.2 ಗಿಗಾಬಿಟ್‌ಗೆ, ‘ಪ್ರೀಮಿಯಂ ಹೈ ಸ್ಪೀಡ್’ 18ಕ್ಕೆ, ‘ಅಲ್ಟ್ರಾ ಹೈ ಸ್ಪೀಡ್’ 48ಕ್ಕೆ. ಕೊನೆಯ ಎರಡರ ಪೊಟ್ಟಣದ ಮೇಲೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಪರೀಕ್ಷಿಸಬಹುದಾದ ಪ್ರಮಾಣಪತ್ರದ ಚೀಟಿ ಇರಬೇಕು.

ದೋಷ ಕೇಬಲಿನದೇ ಎಂದು ಖಚಿತಪಡಿಸಿಕೊಳ್ಳಲು ಖರ್ಚಿಲ್ಲದ ಪರೀಕ್ಷೆ ಇದೆ. ಬಾಕ್ಸಿನ ಸೆಟ್ಟಿಂಗಿನಲ್ಲಿ ರೆಸಲ್ಯೂಷನ್ 1080ಪಿಗೆ ಇಳಿಸಿ, ಅಥವಾ 4ಕೆ 30 ಹರ್ಟ್ಸ್ ಇಡಿ. ಬಣ್ಣದ ಮಾದರಿ ಆರಿಸಲು ಬಿಟ್ಟರೆ 4:4:4 ಬದಲು ಬಣ್ಣದ ವಿವರ ಕಡಿಮೆ ಕಳುಹಿಸುವ 4:2:0 ಮಾಡಿ, ಹೊರೆ ಅರ್ಧಕ್ಕೆ ಇಳಿಯುತ್ತದೆ. ಚುಕ್ಕಿಗಳು ಮಾಯವಾದರೆ ಕೇಬಲ್ ವೇಗಕ್ಕೆ ಸಾಲುತ್ತಿಲ್ಲ ಎಂದೇ ಅರ್ಥ. ಏನೂ ಬದಲಾಗದಿದ್ದರೆ ಹೊಸ ಕೇಬಲಿಗೆ ದುಡ್ಡು ಸುರಿಯುವ ಮುನ್ನ ಪೋರ್ಟನ್ನೂ ಬಾಕ್ಸನ್ನೂ ಇನ್ನೊಮ್ಮೆ ಪರೀಕ್ಷಿಸಿ.

ಉದ್ದವೂ ಲೆಕ್ಕಕ್ಕೆ ಬರುತ್ತದೆ. 2 ಮೀಟರ್ ಸಾಕಾಗುವ ಕಡೆ 10 ಮೀಟರ್ ಕೇಬಲ್ ಸುತ್ತಿಡಬೇಡಿ. 48 ಗಿಗಾಬಿಟ್‌ನ ಮಾಮೂಲಿ ತಾಮ್ರದ ಕೇಬಲ್ 3ರಿಂದ 5 ಮೀಟರ್ ದಾಟಿದರೆ ಕಷ್ಟ. ಅದಕ್ಕಿಂತ ದೂರಕ್ಕೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಬೇಕು, ಅದಕ್ಕೆ ದಿಕ್ಕಿದೆ. ಒಂದು ತುದಿಯಲ್ಲಿ ‘ಸೋರ್ಸ್’, ಇನ್ನೊಂದರಲ್ಲಿ ‘ಡಿಸ್‌ಪ್ಲೇ’ ಎಂದು ಅಚ್ಚಾಗಿರುತ್ತದೆ. ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ. ಗೋಡೆಯೊಳಗಿನ ಕೊಳವೆಯಲ್ಲಿ ಎಳೆದುಬಿಟ್ಟ ಮೇಲೆ ಇದು ಗೊತ್ತಾದರೆ ದಿನವೇ ಹಾಳು, ಆದ್ದರಿಂದ ಎಳೆಯುವ ಮೊದಲೇ ನೆಲದ ಮೇಲೆ ಹಾಸಿ ಎರಡೂ ತುದಿ ಜೋಡಿಸಿ ಚಿತ್ರ ನೋಡಿಕೊಳ್ಳಿ.

ಟಿವಿಯೊಳಗೆ ಅಡಗಿರುವ ಸೆಟ್ಟಿಂಗ್

ಕೇಬಲ್ ಸರಿಯಿದೆ, ಬಾಕ್ಸ್ 4ಕೆ ಎಚ್‌ಡಿಆರ್ (ಬೆಳಕು–ನೆರಳಿನ ವ್ಯಾಪ್ತಿ ಹೆಚ್ಚಿರುವ ಚಿತ್ರ) ಕೊಡಬಲ್ಲದು, ಆದರೂ ಟಿವಿ ಅದನ್ನು ಒಪ್ಪುತ್ತಿಲ್ಲ ಎನ್ನುವುದು ಬಹಳ ಸಾಮಾನ್ಯ ದೂರು. ಹಳೆಯ ಬಾಕ್ಸುಗಳಿಗೆ ತೊಂದರೆ ಆಗದಿರಲಿ ಎಂದು ಎಷ್ಟೋ ಟಿವಿಗಳು ಪೋರ್ಟುಗಳನ್ನು ಕಡಿಮೆ ವೇಗದಲ್ಲೇ ಇಟ್ಟಿರುತ್ತವೆ. ಅದನ್ನು ನೀವೇ ಏರಿಸಬೇಕು, ಅದೂ ಪ್ರತಿ ಪೋರ್ಟಿಗೆ ಬೇರೆ ಬೇರೆಯಾಗಿ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಅಲ್ಟ್ರಾ ಎಚ್‌ಡಿ ಡೀಪ್ ಕಲರ್’, ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’ ಒಳಗೆ ‘ಎನ್‌ಹಾನ್ಸ್ಡ್ ಫಾರ್ಮ್ಯಾಟ್’. ಇದನ್ನು ಬದಲಿಸಿದಾಗ ಟಿವಿ ಬಾಕ್ಸಿಗೆ ತೋರಿಸುವ ಪಟ್ಟಿಯೇ ಬದಲಾಗುತ್ತದೆ.

ತಿರುಗಾಮುರುಗಾ ಆಗುವುದೂ ಉಂಟು. ಹಳೆಯ ಡಿವಿಡಿ ಪ್ಲೇಯರ್ ಅಥವಾ ಸೆಟ್ ಟಾಪ್ ಬಾಕ್ಸ್ ಈ ದೊಡ್ಡ ಪಟ್ಟಿಯನ್ನು ಓದಲಾರದೆ ಚಿತ್ರವನ್ನೇ ಕೊಡದಿರಬಹುದು. ಹಳೆಯ ಸಾಧನ ಇರುವ ಪೋರ್ಟಿನಲ್ಲಿ ಈ ಸೆಟ್ಟಿಂಗನ್ನು ‘ಸ್ಟ್ಯಾಂಡರ್ಡ್’ ಅಥವಾ ‘ಆಫ್’ ಇಡಿ. ಹಾಗೆಯೇ ಟಿವಿಯ ಎಲ್ಲ ಪೋರ್ಟುಗಳೂ ಸಮನಾಗಿರುವುದಿಲ್ಲ. 4ಕೆ 120 ಹರ್ಟ್ಸ್ ಒಂದೋ ಎರಡೋ ಪೋರ್ಟಿಗಷ್ಟೇ ಇರುವ ಟಿವಿಗಳು ಬೇಕಾದಷ್ಟಿವೆ. ಪೋರ್ಟಿನ ಪಕ್ಕದ ಅಚ್ಚನ್ನು ಓದಿ.

ರೆಸಲ್ಯೂಷನ್ ಬದಲಿಸಿದ ಮೇಲೆ ಪರದೆ ಕಪ್ಪಾದರೆ

ಟಿವಿಗೆ ತಿಳಿಯದ ರೆಸಲ್ಯೂಷನ್ನನ್ನು ತಪ್ಪಿ ಆರಿಸಿದಾಗ ಮೆನುವೇ ಕಾಣದೆ ದಾರಿ ಮುಚ್ಚಿಹೋದಂತಾಗುತ್ತದೆ. ಹೆಚ್ಚಿನ ಸಾಧನಗಳು 15 ಸೆಕೆಂಡಿನ ಆಸುಪಾಸು ಕಾದು ಹಿಂದಿನದಕ್ಕೆ ತಾವೇ ಮರಳುತ್ತವೆ, ಮೊದಲು ಏನೂ ಒತ್ತದೆ ಕಾಯಿರಿ. ಪ್ಲೇಸ್ಟೇಷನ್ 4 ಮತ್ತು 5ರಲ್ಲಿ ಪೂರ್ತಿ ಆರಿಸಿದ ಮೇಲೆ ಪವರ್ ಗುಂಡಿಯನ್ನು ಎರಡನೆಯ ಬೀಪ್ ಕೇಳುವವರೆಗೆ ಒತ್ತಿಹಿಡಿದರೆ ಸೇಫ್ ಮೋಡ್ ತೆರೆಯುತ್ತದೆ. ಕಂಟ್ರೋಲರನ್ನು ಯುಎಸ್‌ಬಿ ತಂತಿಯಿಂದ ಸೇರಿಸಿ, ಪಟ್ಟಿಯಲ್ಲಿ ಎರಡನೆಯದಾದ ರೆಸಲ್ಯೂಷನ್ ಬದಲಿಸುವ ಆಯ್ಕೆಯನ್ನು ಒತ್ತಿ. ವಿಂಡೋಸ್ ಲ್ಯಾಪ್‌ಟಾಪ್ ಆದರೆ ಅದರ ಸ್ವಂತ ಪರದೆಯಲ್ಲಿ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಟಿವಿಯನ್ನು 1080ಪಿ, 60 ಹರ್ಟ್ಸ್‌ಗೆ ತನ್ನಿ.

ಲ್ಯಾಪ್‌ಟಾಪಿನಲ್ಲಿ ಚಿತ್ರವೇ ಹೋಗದಿದ್ದರೆ ವಿಂಡೋಸ್ ಕೀ ಮತ್ತು ‘ಪಿ’ ಒಟ್ಟಿಗೆ ಒತ್ತಿ ‘ಡೂಪ್ಲಿಕೇಟ್’ ಆರಿಸಿ. ಆಗಲೂ ಇಲ್ಲವೆಂದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ‘ಬಿ’ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಯಾಗುತ್ತದೆ. ತೆರೆದ ಕಡತಗಳಿಗೆ ಏನೂ ಆಗುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲನ್ನು ಆ ಕಾರ್ಡಿಗೇ ಹಾಕಬೇಕು, ಮದರ್‌ಬೋರ್ಡಿನ ಪೋರ್ಟಿಗಲ್ಲ. ಟೈಪ್–ಸಿಯಿಂದ ಎಚ್‌ಡಿಎಂಐಗೆ ಪರಿವರ್ತಕ ಹಾಕುವವರು ಒಂದು ನೆನಪಿಡಿ: ಎಲ್ಲ ಟೈಪ್–ಸಿ ಪೋರ್ಟುಗಳೂ ಚಿತ್ರ ಕೊಡುವುದಿಲ್ಲ. ಚಾರ್ಜಿಂಗ್ ಮತ್ತು ಡೇಟಾಗೆ ಮಾತ್ರ ಇರುವ ಫೋನುಗಳಲ್ಲಿ ಯಾವ ಪರಿವರ್ತಕ ಹಾಕಿದರೂ ಟಿವಿ ಖಾಲಿಯೇ.

ಟಿವಿಯಲ್ಲಿ ಲ್ಯಾಪ್‌ಟಾಪ್ ಚಿತ್ರದ ಅಂಚು ಕತ್ತರಿಸಿದಂತಿದ್ದರೆ ಪಿಕ್ಚರ್ ಸೈಜ್ ಒಳಗೆ ‘ಜಸ್ಟ್ ಸ್ಕ್ಯಾನ್’, ‘ಫಿಟ್ ಟು ಸ್ಕ್ರೀನ್’ ಅಥವಾ ‘ಫುಲ್ ಪಿಕ್ಸೆಲ್’ ಹುಡುಕಿ. ಕಪ್ಪು ಬಣ್ಣ ಬೂದಿಯಂತೆ ಕಂಡರೆ ಬಣ್ಣದ ವ್ಯಾಪ್ತಿಯ (ರೇಂಜ್) ಸೆಟ್ಟಿಂಗ್ ಒಂದು ಕಡೆ ‘ಲಿಮಿಟೆಡ್’, ಇನ್ನೊಂದು ಕಡೆ ‘ಫುಲ್’ ಎಂದಿದೆ. ಎರಡನ್ನೂ ಒಂದೇ ಮಾಡಿ.

ಸಿನಿಮಾ ಹಾಕಿದಾಗ ಮಾತ್ರ ಕಪ್ಪು ಪರದೆ

4ಕೆ ಸಿನಿಮಾ ಮತ್ತು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಸಾಮಾನ್ಯವಾಗಿ ಎಚ್‌ಡಿಸಿಪಿ 2.2 ಬೇಕು. ಬಾಕ್ಸ್, ಟಿವಿ ಎರಡರಲ್ಲೂ ಅದಿದ್ದು ನಡುವಿನ ಸೌಂಡ್‌ಬಾರ್ ಅಥವಾ ಸ್ಪ್ಲಿಟರ್ ಹಳೆಯದಾಗಿದ್ದರೆ ಇಡೀ ಸರಪಳಿ ಹಳೆಯದಕ್ಕೇ ಇಳಿಯುತ್ತದೆ. ಆಗ ಪರದೆ ಕಪ್ಪಾಗಬಹುದು ಅಥವಾ 4ಕೆ ಬದಲು 1080ಪಿ ಬರಬಹುದು. ನೇರವಾಗಿ ಟಿವಿಗೆ ಹಾಕಿದಾಗ ಸಿನಿಮಾ ಓಡಿದರೆ ದೋಷ ಆ ನಡುವಿನ ಸಾಧನದ್ದು. ಬಾಕ್ಸನ್ನು ಟಿವಿಗೇ ಇಟ್ಟು, ಧ್ವನಿಯನ್ನು ಮಾತ್ರ ಟಿವಿಯ ಎಆರ್‌ಸಿ (ಟಿವಿಯಿಂದ ಧ್ವನಿಯನ್ನು ಹೊರಗೆ ಕಳುಹಿಸುವ) ಪೋರ್ಟಿನಿಂದ ಸೌಂಡ್‌ಬಾರಿಗೆ ಕೊಡುವುದು ಸುಲಭದ ಪರಿಹಾರ. ಪ್ಲೇಸ್ಟೇಷನ್‌ನಲ್ಲಿ ಎಚ್‌ಡಿಸಿಪಿಯನ್ನು ಆಫ್ ಮಾಡುವ ಸೆಟ್ಟಿಂಗ್ ಇದೆ. ಆಟ ರೆಕಾರ್ಡ್ ಮಾಡಲೆಂದು ಆಫ್ ಮಾಡಿ ಮರೆತಿದ್ದರೆ ಸಿನಿಮಾ ಆ್ಯಪ್‌ಗಳು ತೆರೆಯುವುದಿಲ್ಲ.

ಚಿತ್ರವಿದೆ, ಧ್ವನಿಯಿಲ್ಲ

ಬಾಕ್ಸಿನ ಆಡಿಯೊ ಸೆಟ್ಟಿಂಗನ್ನು ಮೊದಲು ಸರಳ ಧ್ವನಿಯಾದ ‘ಪಿಸಿಎಂ’ ಅಥವಾ ‘ಸ್ಟೀರಿಯೊ’ಗೆ ಇಳಿಸಿ. ಧ್ವನಿ ಬಂದರೆ ಬಾಕ್ಸ್ ಕೊಡುತ್ತಿದ್ದ ಡಾಲ್ಬಿ ಅಥವಾ ಡಿಟಿಎಸ್ ಬಗೆಯ ಧ್ವನಿ ಟಿವಿಗೆ ತಿಳಿಯುತ್ತಿರಲಿಲ್ಲ ಎಂದಾಯಿತು. ಲ್ಯಾಪ್‌ಟಾಪಿನಲ್ಲಿ ಧ್ವನಿಯ ಔಟ್‌ಪುಟ್ ಪಟ್ಟಿ ತೆರೆದು ಟಿವಿಯ ಹೆಸರನ್ನು ಆರಿಸಬೇಕು.

ಸೌಂಡ್‌ಬಾರ್ ಕಥೆ ಬೇರೆ. ಟಿವಿಯಲ್ಲಿ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದು ಅಚ್ಚಾಗಿರುವ ಒಂದೇ ಪೋರ್ಟಿನಿಂದ ಧ್ವನಿ ಹೊರಗೆ ಹೋಗುತ್ತದೆ, ಸೌಂಡ್‌ಬಾರಿನಲ್ಲೂ ಅದೇ ಗುರುತಿನ ಪೋರ್ಟಿಗೇ ಸೇರಬೇಕು. ಹೆಚ್ಚಿನ ಟಿವಿಗಳಲ್ಲಿ ಎಆರ್‌ಸಿ ಏಳಬೇಕಾದರೆ ಸಿಇಸಿ (ಒಂದೇ ರಿಮೋಟಿನಿಂದ ಎಲ್ಲ ಸಾಧನಗಳನ್ನೂ ನಿಯಂತ್ರಿಸಲು ಬಿಡುವ ಸೌಲಭ್ಯ) ಚಾಲೂ ಇರಬೇಕು. ಅದಕ್ಕೆ ಪ್ರತಿ ಕಂಪನಿಯೂ ತನ್ನದೇ ಹೆಸರಿಟ್ಟಿದೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಎಆರ್‌ಸಿ 2009ರ ಎಚ್‌ಡಿಎಂಐ 1.4ರ ಜೊತೆ ಬಂದದ್ದು, 14ನೇ ಪಿನ್ನನ್ನು ಬಳಸುತ್ತದೆ. ಆ ತಂತಿಯೇ ಇಲ್ಲದ ಅಗ್ಗದ ಕೇಬಲಿನಲ್ಲಿ ಚಿತ್ರ ಅಂದವಾಗಿ ಬರುತ್ತದೆ, ಸೌಂಡ್‌ಬಾರ್ ಮಾತ್ರ ಮೌನ. ಚಿತ್ರ ಬರುತ್ತಿರುವುದರಿಂದ ಕೇಬಲ್ ಮೇಲೆ ಯಾರೂ ಅನುಮಾನ ಪಡುವುದಿಲ್ಲ, ಹಾಗಾಗಿ ಈ ದೋಷ ಬಹಳ ಕಾಡುತ್ತದೆ.

ಟಿವಿ ತಾನಾಗಿಯೇ ಹತ್ತಿಕೊಳ್ಳುವುದು, ನೋಡುತ್ತಿರುವಾಗಲೇ ಬೇರೆ ಇನ್‌ಪುಟ್‌ಗೆ ಹಾರುವುದು ಕೂಡ ಸಿಇಸಿಯದೇ ಕೆಲಸ. ಟಿವಿಯಲ್ಲಿ ಅದನ್ನು ಆಫ್ ಮಾಡಿದರೆ ಎಆರ್‌ಸಿಯೂ ಹೋಗಬಹುದು, ಆದ್ದರಿಂದ ತೊಂದರೆ ಕೊಡುವ ಬಾಕ್ಸಿನಲ್ಲಿ ಮಾತ್ರ ಆಫ್ ಮಾಡಿ.

ಸ್ಟ್ರೀಮಿಂಗ್ ಸ್ಟಿಕ್ ಪದೇ ಪದೇ ರೀಸ್ಟಾರ್ಟ್ ಆದರೆ

ಎಚ್‌ಡಿಎಂಐ ಪೋರ್ಟಿನಿಂದ ಸ್ಟಿಕ್‌ಗೆ ಕರೆಂಟ್ ಸಿಗುವುದಿಲ್ಲ. 5 ವೋಲ್ಟ್ ಹರಿಯುವುದೇ ಸ್ಟಿಕ್‌ನಿಂದ ಟಿವಿಯ ಕಡೆಗೆ. ಸ್ಟಿಕ್ಕನ್ನು ಟಿವಿಯ ಯುಎಸ್‌ಬಿಯಿಂದ ನಡೆಸುತ್ತಿದ್ದರೆ ಅಲ್ಲಿ ಸಿಗುವುದು ಹಲವು ಸಲ 0.5 ಆಂಪಿಯರ್ ಮಾತ್ರ, 4ಕೆ ಸಿನಿಮಾ ಓಡುವಾಗ ಅದು ಸಾಲದು. ಸ್ಟಿಕ್ ಜೊತೆ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ. ಪೆಟ್ಟಿಗೆಯಲ್ಲಿ ಬಂದ ಗಿಡ್ಡ ಎಕ್ಸ್‌ಟೆನ್ಷನ್ ತುಂಡನ್ನೂ ಬಳಸಿ: ಸ್ಟಿಕ್ಕಿನ ಭಾರ ಪೋರ್ಟಿನ ಮೇಲೆ ಬೀಳುವುದಿಲ್ಲ, ಟಿವಿಯ ಲೋಹದ ಬೆನ್ನಿನಿಂದ ಸ್ವಲ್ಪ ದೂರವಾಗುವುದರಿಂದ ವೈಫೈ ಕೂಡ ಸುಧಾರಿಸುತ್ತದೆ.

ರಿಪೇರಿಗೆ ಕೊಡುವ ಮೊದಲು

ಟಿವಿ ಮತ್ತು ಬಾಕ್ಸ್ ಎರಡರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಕೊನೆಯ ಉಪಾಯವಾಗಿ ಟಿವಿಯನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಅದಕ್ಕೂ ಮುಂಚೆ ವೈಫೈ ಪಾಸ್‌ವರ್ಡ್ ಮತ್ತು ಚಿತ್ರದ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳಿ. ಒಂದೇ ಪೋರ್ಟ್ ಸತ್ತು ಉಳಿದವು ನಡೆಯುತ್ತಿದ್ದರೆ ಪ್ಲಗ್ ಜೋಡಿಸುವ ಸಾಕೆಟ್ಟಿನ ಬೆಸುಗೆ ಬಿಟ್ಟಿರಬಹುದು ಅಥವಾ ಆ ಪೋರ್ಟಿನ ರಕ್ಷಣಾ ಬಿಡಿಭಾಗ ಸುಟ್ಟಿರಬಹುದು. ಪ್ಲಗ್ಗನ್ನು ಮೆಲ್ಲಗೆ ಅಲುಗಿಸಿದಾಗ ಚಿತ್ರ ಬಂದು ಹೋದರೆ ಬೆಸುಗೆಯದೇ ಸಾಧ್ಯತೆ ಹೆಚ್ಚು. ಸಾಕೆಟ್ ಮಾತ್ರ ಬದಲಿಸಿದರೆ ಸಾಕು. ಎಲ್ಲ ಪೋರ್ಟುಗಳೂ ಒಟ್ಟಿಗೆ ಸತ್ತು, ಟಿವಿಯ ಒಳಗಿನ ಆ್ಯಪ್‌ಗಳು ಚೆನ್ನಾಗಿ ನಡೆಯುತ್ತಿದ್ದರೆ ಮೇನ್ ಬೋರ್ಡಿನ ಎಚ್‌ಡಿಎಂಐ ಚಿಪ್ ಹೋಗಿರುವುದು ಹೆಚ್ಚು ಸಂಭವ. ರಿಪೇರಿಯವರಿಗೆ ಯಾವ ಪೋರ್ಟ್, ಯಾವ ಬಾಕ್ಸ್, ಯಾವ ಕೇಬಲ್ ಹಾಕಿ ನೋಡಿದಿರಿ, 1080ಪಿಯಲ್ಲಿ ಏನಾಯಿತು, ಸಿಡಿಲು ಬಡಿದ ಮೇಲೆ ಶುರುವಾಯಿತೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ. ‘ಎಚ್‌ಡಿಎಂಐ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಇಡೀ ಬೋರ್ಡ್ ಬದಲಿಸುವ ಲೆಕ್ಕವೇ ನಿಮ್ಮ ಕೈಗೆ ಬರುವ ಸಾಧ್ಯತೆ ಇದೆ.